ಕೆಂಗೇರಿ ಲೈನಿನಲ್ಲಿ ಒಂದು ಟಿಕ್

ಆ ಟಿಕ್ ಶಬ್ದ ನಿಲ್ಲಿಸಲು ನನಗೆ ಒಂದು ಸ್ಕೂಟರ್ ಖರ್ಚಾಯಿತು. ಹೆಸರು ಬರೆಸಿ ವರ್ಷಗಟ್ಟಲೆ ಕಾದು, ಸರದಿ ಬಂದ ದಿನ ಮನೆ ಮುಂದೆ ನಿಲ್ಲಿಸಿ ಚಕ್ರದಡಿ ನಿಂಬೆಹಣ್ಣು ಇಟ್ಟು ಹತ್ತಿಸಿದ ಸ್ವಂತ ಸ್ಕೂಟರ್. ಅದನ್ನು ಮಾರಿ ಒಂದು ಅಳತೆಯ ಪೆಟ್ಟಿಗೆ ಕೊಂಡೆ. ಫ್ರೀಕ್ವೆನ್ಸಿ ಕೌಂಟರ್ ಅಂತ ಅದರ ಹೆಸರು, ವಿದ್ಯುತ್ತು ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಎಂದು ಎಣಿಸಿ ತೋರಿಸುತ್ತದೆ. ಎರಡು ದಿನಕ್ಕೆ ಬಾಡಿಗೆಗೆ ಸಿಕ್ಕಿದ್ದರೆ ನಾನು ಖಂಡಿತ ಕೊಳ್ಳುತ್ತಿರಲಿಲ್ಲ. ಇದ್ದವರು ಕೊಡಲಿಲ್ಲ, ಕೊಡುವ ಮನಸ್ಸಿದ್ದವರ ಹತ್ತಿರ ಇರಲಿಲ್ಲ. ವ್ಯಾಪಾರದಲ್ಲಿ ನಾನು ಮೋಸಹೋಗಲಿಲ್ಲ, ಅದು ಬೇರೆ ಮಾತು. ಪೆಟ್ಟಿಗೆ ಆಮೇಲೆ ಬಹಳ ವರ್ಷ ದುಡಿದು ಹಾಕಿತು. ಆದರೆ ಆ ಹಿಂಗಾರಿನಲ್ಲಿ ಸ್ಕೂಟರಿನ ಜೊತೆ ಇನ್ನೊಂದೆರಡು ಹೋದವು. ಅವುಗಳ ಲೆಕ್ಕ ಹಾಕುವುದು ನನಗೆ ಆಗ ಗೊತ್ತಿರಲಿಲ್ಲ.

ಈ ಸಲದ ಆಯುಧಪೂಜೆಗೆ, ನಾವೀಗ ಇರುವ ಬಸವೇಶ್ವರನಗರದ ಅಪಾರ್ಟ್‌ಮೆಂಟಿನಲ್ಲಿ, ವಾಚ್‌ಮನ್ ಲಿಫ್ಟಿನ ಮೋಟರಿಗೂ ಜನರೇಟರಿಗೂ ಪೂಜೆ ಮಾಡಿ, ಉಳಿದ ಗಂಧವನ್ನು ಮೆಟ್ಟಿಲ ಕೆಳಗಿನ ಇಂಟರ್‌ನೆಟ್ ಪೆಟ್ಟಿಗೆಯ ನೆತ್ತಿಗೆ ಹಚ್ಚಿದ. ಪೆಟ್ಟಿಗೆ ಬಿಸಿಯಾಗಿತ್ತು. ಕಾದ ಪ್ಲಾಸ್ಟಿಕ್ಕಿನ ಮೇಲೆ ಗಂಧ ಒಣಗುವಾಗ ಒಂದು ವಾಸನೆ ಬರುತ್ತದೆ. ದೇವಸ್ಥಾನದ ವಾಸನೆ ಅಲ್ಲ, ಕಾರ್ಖಾನೆಯದೂ ಅಲ್ಲ. ಕೈಯಲ್ಲಿದ್ದ ಬೂದುಗುಂಬಳದ ಚೂರು ಹಿಡಿದುಕೊಂಡೇ ನಾನು ಅಲ್ಲಿ ನಿಂತುಬಿಟ್ಟೆ. "ಏನ್ ಸಾರ್, ತಪ್ಪಾಯ್ತಾ?" ಅಂದ ವಾಚ್‌ಮನ್. ಇಲ್ಲಪ್ಪ, ಸರಿಯಾಗಿದೆ ಅಂದೆ.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಮ್ಮ ತಂದೆ ಬಿನ್ನಿಪೇಟೆಯ ಗಿರಣಿಯಲ್ಲಿ ಕೂಲಿ. ನಾನು ರೇಡಿಯೋ ರಿಪೇರಿ ಕಲಿತು, ಅದರಿಂದ ಇಂಟರ್‌ಕಾಮಿಗೆ ಹಾರಿ, ಅಲ್ಲಿಂದ ಕಂಪನಿಗಳ ಟೆಲಿಫೋನ್ ಎಕ್ಸ್‌ಚೇಂಜಿಗೆ ಬಂದಿದ್ದೆ. ದೊಡ್ಡ ಕಂಪನಿಯವರು ತಮ್ಮ ಕಟ್ಟಡದೊಳಗೆ ಇಟ್ಟುಕೊಳ್ಳುತ್ತಿದ್ದ ಬೀರುವಿನ ಗಾತ್ರದ ಪೆಟ್ಟಿಗೆಗಳವು, ಒಳಗೆ ಸಾಲಾಗಿ ಪುಸ್ತಕ ಜೋಡಿಸಿದ ಹಾಗೆ ಎಲೆಕ್ಟ್ರಾನಿಕ್ ಕಾರ್ಡುಗಳು. ರಾಜಾಜಿನಗರದಲ್ಲಿ ನನ್ನದೊಂದು ಅಂಗಡಿ, ಅದರ ಹಿಂದೆ ಎರಡು ಕೋಣೆಯ ಬಾಡಿಗೆ ಮನೆ. ಅಲ್ಲೇ ಹತ್ತಿರ ನೀರೆತ್ತುವ ಪಂಪು ತಯಾರಿಸುವ ಒಂದು ಕಂಪನಿಯಿತ್ತು. ಅವರು ಕೆಂಗೇರಿಯ ಆಚೆ ಹೊಸ ಘಟಕ ಹಾಕಿದಾಗ ಎರಡೂ ಕಡೆಯ ಎಕ್ಸ್‌ಚೇಂಜನ್ನು ಡಿಜಿಟಲ್ ಲೈನಿನಿಂದ ಕೂಡಿಸುವ ಕೆಲಸ ನನಗೆ ಸಿಕ್ಕಿತು. ತಂತಿ ಟೆಲಿಫೋನ್ ಇಲಾಖೆಯದು, ಬಾಡಿಗೆಗೆ ಪಡೆದದ್ದು. ಎರಡು ತುದಿಯ ಪೆಟ್ಟಿಗೆಗಳ ಜವಾಬ್ದಾರಿ ನನ್ನದು.

ಡಿಜಿಟಲ್ ಲೈನ್ ಅಂದರೆ ಏನು ಅಂತ ಇಷ್ಟು ತಿಳಿದುಕೊಂಡರೆ ಸಾಕು. ಮಾತನ್ನು ಸಣ್ಣ ಸಣ್ಣ ತುಂಡಾಗಿ ಕತ್ತರಿಸಿ ಒಂದು ತುದಿ ಕಳಿಸುತ್ತದೆ, ಇನ್ನೊಂದು ತುದಿ ಅದೇ ವೇಗದಲ್ಲಿ ತೆಗೆದುಕೊಂಡು ಜೋಡಿಸುತ್ತದೆ. ಅದೇ ವೇಗ ಎನ್ನುವುದೇ ಇಲ್ಲಿ ಮುಖ್ಯ. ಭಜನೆಯಲ್ಲಿ ಒಬ್ಬರು ತಾಳ ಹಾಕುತ್ತಾರೆ, ಉಳಿದವರು ಅದನ್ನು ಕೇಳಿಕೊಂಡು ಹಾಡುತ್ತಾರೆ. ಇಬ್ಬರು ತಾಳ ಹಿಡಿದು ತಮ್ಮ ತಮ್ಮ ಪಾಡಿಗೆ ಬಾರಿಸಿದರೆ, ಇಬ್ಬರೂ ಎಂಥ ನಿಪುಣರಾದರೂ, ಸ್ವಲ್ಪ ಹೊತ್ತಿಗೆ ಒಬ್ಬರು ಕೂದಲೆಳೆಯಷ್ಟು ಮುಂದೆ ಹೋಗಿರುತ್ತಾರೆ. ಲೈನಿನಲ್ಲಿ ಹಾಗಾದಾಗ ಒಂದು ತುಂಡು ಬಿದ್ದುಹೋಗುತ್ತದೆ. ಕಿವಿಗೆ ಅದು ಟಿಕ್ ಅಂತ ಕೇಳುತ್ತದೆ. ಆದ್ದರಿಂದ ಒಂದು ತುದಿ ತನ್ನೊಳಗೆ ತಾಳ ಹಾಕುವ ಸ್ವಂತ ಗಡಿಯಾರದ ಮೇಲೆ ನಡೆಯಬೇಕು, ಇನ್ನೊಂದು ಲೈನಿನಿಂದ ಬರುವ ತಾಳವನ್ನೇ ಹಿಡಿದು ನಡೆಯಬೇಕು. ಇದನ್ನು ಹೇಳಲು ಕಾರ್ಡಿನ ಮೇಲೆ ಕಡಲೆಬೇಳೆಯಷ್ಟು ಚಿಕ್ಕ ಸ್ವಿಚ್ಚಿತ್ತು. ರಾಜಾಜಿನಗರದ್ದನ್ನು ಸ್ವಂತಕ್ಕೂ ಕೆಂಗೇರಿಯದನ್ನು ಲೈನಿಗೂ ನಾನೇ ಪಿನ್ನಿನ ಮೊನೆಯಿಂದ ಸರಿಸಿದ್ದೆ. ಮಳೆಗಾಲ ಪೂರ್ತಿ ಲೈನು ನೀರಿನ ಹಾಗೆ ಹರಿಯಿತು.

ಕೆಟ್ಟದ್ದು ದಸರೆಯ ನಂತರ. ಹಬ್ಬದ ರಜೆ ಮುಗಿದು ಕಾರ್ಖಾನೆ ತೆರೆದ ದಿನ ಕೆಂಗೇರಿಯಿಂದ ಫ್ಯಾಕ್ಸ್ ಬರಲಿಲ್ಲ. ಬಂದರೂ ಅರ್ಧ ಹಾಳೆ ಬಂದು ಗೀಟು ಗೀಟಾಗಿ ನಿಂತುಬಿಡುತ್ತಿತ್ತು. ಮಾತು ಮಾತ್ರ ಬರುತ್ತಿತ್ತು, ಅಲ್ಲಲ್ಲಿ ಒಂದು ಟಿಕ್ ಅಷ್ಟೆ. ಮನುಷ್ಯರ ಮಾತಿನಲ್ಲಿ ಒಂದು ತುಂಡು ಬಿದ್ದುಹೋದರೆ ಕೇಳುವವನೇ ತುಂಬಿಕೊಳ್ಳುತ್ತಾನೆ, ಬಿದ್ದದ್ದೂ ಗೊತ್ತಾಗುವುದಿಲ್ಲ. ಫ್ಯಾಕ್ಸ್ ಯಂತ್ರಕ್ಕೆ ಆ ದಾಕ್ಷಿಣ್ಯ ಇಲ್ಲ. ದಿನದ ಮಾಲಿನ ಆರ್ಡರುಗಳೆಲ್ಲ ಆ ಫ್ಯಾಕ್ಸಿನಲ್ಲೇ ಹೋಗಬೇಕಾಗಿದ್ದರಿಂದ, ಒಬ್ಬ ಅಟೆಂಡರ್ ಕಾಗದ ಹಿಡಿದುಕೊಂಡು ದಿನಾ ಬಸ್ಸಿನಲ್ಲಿ ಕೆಂಗೇರಿಗೆ ಹೋಗಿ ಬರುವಂತಾಯಿತು.

ಕಂಪನಿಯ ಆಡಳಿತ ನೋಡಿಕೊಳ್ಳುತ್ತಿದ್ದ ಶೇಷಾದ್ರಿ ಸಾರ್ ನನ್ನನ್ನು ಕರೆಸಿದರು.

"ಪುಟ್ಟರಾಜು, ಬಸ್ಸಲ್ಲಿ ಕಾಗದ ಕಳ್ಸೋದಕ್ಕೆ ನಾನು ಡಿಜಿಟಲ್ ಲೈನ್ ಹಾಕಿಸ್ಕೋಬೇಕಿತ್ತೇನ್ರೀ?"

"ಕೇಬಲ್ಲಲ್ಲಿ ನೀರು ಇಳಿದಿರ್ಬೇಕು ಸಾರ್. ನೋಡ್ತೀನಿ."

"ನೋಡಿ. ಕಾರ್ತಿಕ ಮುಗಿಯೋದ್ರೊಳಗೆ ಸರಿ ಹೋದ್ರೆ ಸರಿ. ಇಲ್ದಿದ್ರೆ ಕೆಂಗೇರಿ ಬೋರ್ಡೇ ತೆಗೆಸ್ತೀನಿ. ಅಲ್ಲಿ ಒಂದು ಸಾದಾ ಫೋನ್ ಇದೆ, ಅದು ಸಾಕು."

ಬೋರ್ಡು ತೆಗೆಸಿದರೆ ನನ್ನ ಸರ್ವೀಸ್ ಕಾಂಟ್ರ್ಯಾಕ್ಟು ಹೋಗುತ್ತಿತ್ತು. ಅದಾದರೆ ಇನ್ನೊಂದು ಹುಡುಕಿಕೊಳ್ಳಬಹುದು. ಆದರೆ ಬೋರ್ಡಿನ ಮುಂದೆ ಕೂತು ಕರೆ ಜೋಡಿಸುತ್ತಿದ್ದ ಆಪರೇಟರ್ ಲಲಿತಮ್ಮನ ಕೆಲಸವೂ ಅದರ ಜೊತೆಗೇ ಹೋಗುತ್ತಿತ್ತು. ಲಲಿತಮ್ಮ ಹಳೇ ಕೆಂಗೇರಿಯವರು, ನನಗಿಂತ ನಾಲ್ಕಾರು ವರ್ಷ ದೊಡ್ಡವರು. ಗಂಡ ಇದೇ ಕಂಪನಿಯಲ್ಲಿ ಫಿಟ್ಟರ್ ಆಗಿದ್ದು ತೀರಿಕೊಂಡ ಮೇಲೆ ಅನುಕಂಪದ ಮೇಲೆ ಕೆಲಸ ಕೊಟ್ಟಿದ್ದರು. ಇನ್ನೂ ಕಾಯಂ ಆಗಿರಲಿಲ್ಲ. ಆ ಬೋರ್ಡನ್ನು ಒರೆಸುವುದನ್ನು ನೋಡಿದರೆ ಮನೆಯ ಹಿತ್ತಾಳೆ ಪಾತ್ರೆ ಒರೆಸಿದ ಹಾಗೆ.

ನಾನು ಕೇಬಲ್ ಹಿಂದೆ ಬಿದ್ದೆ. ಆ ವರ್ಷ ಹಿಂಗಾರು ಬಿಡಲೇ ಇಲ್ಲ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನವಾದರೆ ಮೋಡ ಇಳಿದು ಮೈಸೂರು ರಸ್ತೆಯ ಉದ್ದಕ್ಕೂ ಕೆಂಪು ನೀರು. ವಿಜಯನಗರದಿಂದ ಜ್ಞಾನಭಾರತಿಯ ಗೇಟಿನವರೆಗೆ, ಅಲ್ಲಿಂದ ಕೆಂಗೇರಿಯವರೆಗೆ, ಕೇಬಲ್ ಗುಂಡಿಗಳ ಮುಚ್ಚಳ ತೆಗೆಸಿ ಇಣುಕಿದೆ. ಇಲಾಖೆಯ ಲೈನ್‌ಮನ್ ಮುನಿಯಪ್ಪ ಸೊಂಟದವರೆಗೆ ನೀರಿನಲ್ಲಿ ನಿಂತು ಜಾಯಿಂಟು ಪರೀಕ್ಷೆ ಮಾಡುತ್ತಿದ್ದ, ನಾನು ಮೇಲೆ ಛತ್ರಿ ಹಿಡಿದು ನಿಂತಿರುತ್ತಿದ್ದೆ.

"ನಮ್ ಕೇಬಲ್ ಚೆನ್ನಾಗಿದೆ ಸ್ವಾಮಿ," ಅಂದ ಒಂದು ದಿನ ಮೇಲೆ ಹತ್ತಿಬಂದು, ಪಂಚೆ ಹಿಂಡುತ್ತ. "ಈಗ ನಿಮ್ ಕಿವೀನೇ ಒಂದ್ಸಲ ತೋರಿಸ್ಕೊಳ್ಳಿ."

ಮನೆಗೆ ಬಂದರೆ ಬೀಗ. ನನ್ನ ಹೆಂಡತಿ ಸುಮಿತ್ರಾ ಪ್ರೈಮರಿ ಶಾಲೆಯ ಮೇಡಂ. ಮದುವೆಯಾದ ವರ್ಷವೇ ಅವಳಿಗೆ ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ದಾಟಿ ಬಹಳ ದೂರ ಒಂದು ಹಳ್ಳಿಗೆ ಪೋಸ್ಟಿಂಗ್ ಆಗಿತ್ತು. ಅಲ್ಲೇ ಒಂದು ಕೋಣೆ ಹಿಡಿದಿದ್ದಳು, ರಜೆ ಬಂದರೆ ಬರುತ್ತಿದ್ದಳು. ಆ ಊರಿನಲ್ಲಿ ಒಂದೇ ಒಂದು ಫೋನಿರಲಿಲ್ಲ. ಶಾಲೆಯ ದಸರಾ ರಜೆ ಹಬ್ಬದಾಚೆಗೂ ಇತ್ತು. ಆ ರಜೆಗೆ ಬಂದವಳು ಎರಡು ಕೋಣೆಯ ಮನೆಯಲ್ಲಿ ನನ್ನ ದಾರಿ ಕಾದು, ನಾನು ಕೆಸರು ಪ್ಯಾಂಟಿನಲ್ಲಿ ಬಂದು ಉಂಡು ಮಲಗುವುದನ್ನು ನೋಡಿ, ರಜೆ ಇನ್ನೂ ಇರುವಾಗಲೇ ಬ್ಯಾಗು ಕಟ್ಟಿದಳು.

"ಊರೋರ ಫೋನೆಲ್ಲ ರಿಪೇರಿ ಮಾಡ್ತೀರ," ಅಂದಳು ಬಸ್ ಸ್ಟಾಪಿನಲ್ಲಿ. "ನಾನು ಬಂದು ಇಷ್ಟು ದಿನ ಆಯ್ತು. ನೀವು ನನ್ ಜೊತೆ ಆಡಿದ ಮಾತು ಒಂದು ಪೋಸ್ಟ್‌ಕಾರ್ಡಲ್ಲಿ ಹಿಡಿಯತ್ತೆ."

"ಕೆಲಸ ಮುಗೀಲಿ ಸುಮಿ. ಆಮೇಲೆ ಮಾತಾಡೋಣ."

"ಹೂಂ. ಆಮೇಲೆ," ಅಂದು ಬಸ್ ಹತ್ತಿದಳು. ಕಿಟಕಿಯಿಂದ ಕೈ ಬೀಸಲಿಲ್ಲ, ಚಿಲ್ಲರೆ ಎಣಿಸುತ್ತಿದ್ದಳು.

ಇಂಥ ದಿನಗಳಲ್ಲಿ ನನಗೆ ಮಾತಿನ ದನಿ ಅಂತ ಕೇಳುತ್ತಿದ್ದದ್ದು ಲಲಿತಮ್ಮನದೊಂದೇ. ಟಿಕ್ ಶಬ್ದವನ್ನು ಹಿಡಿಯಬೇಕಾದರೆ ಲೈನಿನಲ್ಲಿ ಏನಾದರೊಂದು ದನಿ ಹರಿಯುತ್ತಲೇ ಇರಬೇಕು. ಅದಕ್ಕೆಂದೇ ಕೂ ಎಂದು ಒಂದೇ ಸಮ ಕೂಗುವ ಚಿಕ್ಕ ಪೆಟ್ಟಿಗೆ ನನ್ನ ಬಳಿ ಇತ್ತು. ಮೊದಲ ಒಂದೆರಡು ದಿನ ಅದನ್ನೇ ಹಾಕಿದೆ. ಆಮೇಲೆ ಅಂಗಡಿಯಲ್ಲೇ ಬಿಟ್ಟುಬಂದೆ. ರಾಜಾಜಿನಗರದ ಎಕ್ಸ್‌ಚೇಂಜ್ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತು, ಕಿವಿಗೆ ರಿಸೀವರ್ ಒತ್ತಿಕೊಂಡು, ಮಧ್ಯಾಹ್ನವಿಡೀ ಲಲಿತಮ್ಮನನ್ನು ಮಾತಾಡಿಸಿದೆ.

"ಇವತ್ತೂ ಕೇಳೋದಾ ಸಾರ್?"

"ಕೇಳೋಣ. ನೀವು ಮಾತಾಡ್ತಾ ಇರಿ ಲಲಿತಮ್ಮ."

"ಏನ್ ಮಾತಾಡ್ಲಿ?"

"ಏನಾದ್ರೂ ಸರಿ. ನಿಲ್ಲಿಸ್ಬೇಡಿ ಅಷ್ಟೆ."

"ನಮ್ ಯಜಮಾನ್ರು ಇದ್ದಷ್ಟು ದಿನಾನೂ ನಿಲ್ಸೇ ಮಾರಾಯ್ತಿ ನಿಲ್ಸೇ ಅಂತಿದ್ರು. ಈಗ ನೀವೊಬ್ರು ಸಿಕ್ಕಿದ್ರಿ ನೋಡಿ."

ಆಮೇಲೆ ಶುರು. ಓರಗಿತ್ತಿ ಬಾಗಿಲಿಗೆ ನೀರು ಹಾಕುವಾಗ ಬೇಕಂತಲೇ ಇವರ ಹೊಸಿಲಿಗೆ ಎರಚುವುದು. ಮಗಳು ಲೆಕ್ಕದಲ್ಲಿ ಬುದ್ಧಿವಂತೆ, ಆದರೆ ತಲೆ ಬಾಚಿಸಿಕೊಳ್ಳಲು ಒಂದು ಗಂಟೆ ರಗಳೆ. ಅವರೆಕಾಯಿ ಇನ್ನೂ ಸೊಗಡು ಬಂದಿಲ್ಲ, ಆಗಲೇ ಕೇಳುವ ಬೆಲೆ ನೋಡಿ. ಕಾರ್ಖಾನೆಯಲ್ಲಿ ಹಬ್ಬ ಮಾಡಿದ್ದು, ಯಾವ ಲೇಥಿಗೆ ಯಾರು ಎಷ್ಟು ಮೊಳ ಹೂವು ತಂದರು, ತಾನು ಬೋರ್ಡಿಗೆ ಪೂಜೆ ಮಾಡಿದ್ದು. ಮಧ್ಯೆ ಮಧ್ಯೆ ಟಿಕ್. ನಾನು "ಹ್ಞೂ, ಮುಂದೆ" ಅನ್ನುತ್ತಿದ್ದೆ. ಆಕೆಗೆ ಅದೇ ಸಾಕಾಗುತ್ತಿತ್ತು. ನನಗೂ. ಹೊರಗೆ ಮಳೆ, ಒಳಗೆ ಎಕ್ಸ್‌ಚೇಂಜಿನ ಫ್ಯಾನಿನ ಗುಂಯ್, ಕಿವಿಯಲ್ಲಿ ಹದವಾಗಿ ಹರಿಯುವ ಒಂದು ಹೆಂಗಸಿನ ದನಿ. ಕೆಲಸ ಬೇಗ ಮುಗಿಯಲಿ ಎಂಬ ಆತುರ ನನಗೆ ಅಷ್ಟಾಗಿ ಇರಲಿಲ್ಲವೇನೋ.

ಹಾಗೆ ಕೇಳುತ್ತ ಕೂತಿದ್ದಾಗಲೇ ಒಂದು ದಿನ ನನ್ನ ಕಾಲು ನೆಲಕ್ಕೆ ಹೊಡೆಯುತ್ತಿದ್ದದ್ದು ಗಮನಕ್ಕೆ ಬಂತು. ಟಿಕ್ ಬರುವುದಕ್ಕೆ ಮುಂಚೆಯೇ ಕಾಲು ಏಳುತ್ತಿತ್ತು. ವೀಳ್ಯದೆಲೆಗೆ ಸುಣ್ಣ ಹಚ್ಚಿ ಮಡಿಸುವಷ್ಟು ಹೊತ್ತು, ಒಂದು ಟಿಕ್. ಮತ್ತೆ ಅಷ್ಟೇ ಹೊತ್ತು, ಮತ್ತೊಂದು. ಮಳೆ ಬಿದ್ದರೂ ಅಷ್ಟೇ, ನಿಂತರೂ ಅಷ್ಟೇ. ನೀರು ಇಳಿದ ಕೇಬಲ್ ಹೀಗೆ ಶಿಸ್ತಾಗಿ ಕೆಡುವುದಿಲ್ಲ. ಮಳೆ ಜೋರಾದರೆ ಗೊರಗೊರ ಅನ್ನುತ್ತದೆ, ಬಿಸಿಲು ಬಂದರೆ ಸುಮ್ಮನಾಗುತ್ತದೆ. ಇಷ್ಟು ಸಮನಾಗಿ ಬರುವುದು ಎರಡು ಗಡಿಯಾರಗಳ ನಡುವಿನ ಅಂತರ ಮಾತ್ರ. ಮುನಿಯಪ್ಪನ ಕೇಬಲ್ ನಿಜಕ್ಕೂ ಚೆನ್ನಾಗಿತ್ತು.

ಆದರೆ ಕೆಂಗೇರಿಯ ಸ್ವಿಚ್ಚನ್ನು ಲೈನಿಗೆ ಸರಿಸಿದವನು ನಾನೇ. ಅದರಲ್ಲಿ ಅನುಮಾನವೇ ಇರಲಿಲ್ಲ, ಹಾಗಾಗಿ ಅದನ್ನು ತೆಗೆದು ನೋಡುವ ಯೋಚನೆಯೂ ಬರಲಿಲ್ಲ. ರಾಜಾಜಿನಗರದ ಗಡಿಯಾರವೇ ಹಾಳಾಗಿ, ಕೆಂಗೇರಿ ಹಿಂಬಾಲಿಸಲಾರದಷ್ಟು ಕುಣಿಯುತ್ತಿರಬೇಕು ಅಂದುಕೊಂಡೆ. ಅದು ಹೌದೋ ಅಲ್ಲವೋ ತಿಳಿಯಲು ಎಣಿಸುವ ಪೆಟ್ಟಿಗೆ ಬೇಕು. ಗುರುತಿನ ವರ್ಕ್‌ಶಾಪುಗಳಲ್ಲಿ ಕೇಳಿದೆ. ಒಬ್ಬರು ರಿಪೇರಿಗೆ ಹೋಗಿದೆ ಅಂದರು, ಮೇಜಿನ ಮೇಲೆ ಅದು ದೀಪ ಹೊತ್ತಿಸಿಕೊಂಡು ಕೂತಿತ್ತು. ಕೊನೆಗೆ ಬಾಗಿಲು ಹಾಕುತ್ತಿದ್ದ ಒಂದು ಸಣ್ಣ ಕಾರ್ಖಾನೆಯವರು ಸಾಮಾನು ಮಾರುವ ಸುದ್ದಿ ಬಂತು. ಹೋದೆ. ಕೌಂಟರಿನ ಮುಖ ನೋಡಲೇ ಇಲ್ಲ, ಪಕ್ಕದಲ್ಲಿದ್ದ ಹಳೇ ಟೇಬಲ್ ಫ್ಯಾನಿನ ಬೆಲೆ ಕೇಳಿದೆ. ಫ್ಯಾನಿಗೆ ಬಹಳ ಹೊತ್ತು ಚೌಕಾಸಿ ಮಾಡಿ, ಬೇಡ ಅಂತ ಎದ್ದು, ಬಾಗಿಲ ಹತ್ತಿರ ತಿರುಗಿ, "ಆ ಪೆಟ್ಟಿಗೆ ಏನದು, ಅದನ್ನಾದ್ರೂ ಏನು ಹೇಳ್ತೀರ?" ಅಂದೆ. ಅರ್ಧಕ್ಕೆ ಇಳಿಯಿತು. ಆ ಅರ್ಧಕ್ಕೂ ಸ್ಕೂಟರೇ ಹೋಗಬೇಕಾಯಿತು.

ಹಳೇ ಬೆಡ್‌ಶೀಟಿನಲ್ಲಿ ಪೆಟ್ಟಿಗೆ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಬರುವ ತಾಳ, ಅಲ್ಲಿಯ ತಾಳ ಎರಡನ್ನೂ ಒಂದೇ ಕಡೆ ಅಳೆಯಬಹುದೆಂದು ಮಾರ್ಕೆಟ್ಟಿನಿಂದ ಕೆಂಗೇರಿ ಬಸ್ ಹಿಡಿದೆ. ಪಕ್ಕದಲ್ಲಿ ಕೂತ ಮುದುಕಿ ಮಗುವೇನೋ ಅಂದುಕೊಂಡು ಬೆಡ್‌ಶೀಟಿನ ಅಂಚು ಸರಿಸಿ ನೋಡಿ, ಮುಖ ತಿರುಗಿಸಿಕೊಂಡಳು.

ಕೆಂಗೇರಿಯಲ್ಲಿ ಮೊದಲು ರಾಜಾಜಿನಗರದಿಂದ ಬರುವ ತಾಳವನ್ನು ಅಳೆದೆ. ಅಂಕಿಗಳು ಕಲ್ಲಿನ ಹಾಗೆ ನಿಂತವು, ಸರಿಯಾಗಿತ್ತು. ಆಮೇಲೆ ಕೆಂಗೇರಿಯ ಪೆಟ್ಟಿಗೆಯದು ಅಳೆದೆ. ಅವೂ ಕಲ್ಲಿನ ಹಾಗೆ ನಿಂತವು, ಆದರೆ ಕೊನೆಯ ಅಂಕಿಗಳು ಬೇರೆ. ಎರಡೂ ಆರೋಗ್ಯವಾಗಿದ್ದವು, ಒಂದು ಇನ್ನೊಂದರ ಮಾತು ಕೇಳುತ್ತಿರಲಿಲ್ಲ ಅಷ್ಟೆ. ಸಪ್ಲೈ ಆರಿಸಿ ಲೈನಿನ ಕಾರ್ಡನ್ನು ಎಳೆದೆ. ಬಿಸಿಯಾಗಿತ್ತು. ಮೂಗಿಗೆ ಗಂಧದ ವಾಸನೆ ಹೊಡೆಯಿತು. ಕಾರ್ಡಿನ ಅಂಚಿಗೆ ಒಂದು ಬೊಟ್ಟು ಗಂಧ, ಅದರ ಮೇಲೆ ಕುಂಕುಮ. ಸ್ವಿಚ್ಚು ಸ್ವಂತದ ಕಡೆಗಿತ್ತು. ಅದು ನಾನು ಹಾಕಿದ ಕಾರ್ಡಲ್ಲ.

ಪಕ್ಕದ ಕೋಣೆಯಲ್ಲಿ ಬೋರ್ಡಿನ ಮುಂದೆ ಕೂತಿದ್ದ ಲಲಿತಮ್ಮನಿಗೆ ಅದನ್ನು ತೋರಿಸಿದೆ.

"ಇದು ಇಲ್ಲಿಗೆ ಹೇಗೆ ಬಂತು ಲಲಿತಮ್ಮ?"

"ನಾನೇ ಹಾಕಿದ್ದು ಸಾರ್. ಡಬ್ಬದಲ್ಲಿ ಹೊಸದು ಹಾಗೇ ಬಿದ್ದಿತ್ತಲ್ಲ. ವಿಜಯದಶಮಿ, ಒಳ್ಳೇ ದಿನ, ರಜೆ ಆದ್ರೂ ಬಂದಿದ್ದೆ. ಹೊಸದು ಶುರು ಮಾಡೋದಾದ್ರೆ ಅವತ್ತೇ ಮಾಡ್ಬೇಕು. ನೀವು ಹೇಳ್ಕೊಟ್ಟಿದ್ದ ಹಂಗೇ ಸಪ್ಲೈ ಆರ್ಸಿ ಹಾಕ್ದೆ. ಹಾಕಿದ ತಕ್ಷಣ ರಿಂಗಾಯ್ತು, ಫಸ್ಟ್ ಕ್ಲಾಸಾಗಿ."

ಆಕೆಯದು ಸರಿಯಾದ ಲೆಕ್ಕ. ಸ್ಪೇರ್ ಕಾರ್ಡು ಬಂದ ದಿನದಿಂದ ಬೆಂಡಿನ ಡಬ್ಬದಲ್ಲಿ ಕೂತಿತ್ತು. ನಮ್ಮಲ್ಲಿ ಹೊಸ ಗಾಡಿ, ಹೊಸ ಹೊಲಿಗೆ ಯಂತ್ರ, ಹೊಸ ಸ್ಲೇಟು ಎಲ್ಲವೂ ಶುರುವಾಗುವುದು ಅವತ್ತೇ. ತಯಾರಿಸಿದವರು ಕಾರ್ಡನ್ನು ಸ್ವಂತ ಗಡಿಯಾರಕ್ಕೆ ಇಟ್ಟು ಕಳಿಸುತ್ತಾರೆ ಎಂಬುದು ಆಕೆಗೆ ಯಾರು ಹೇಳಬೇಕಿತ್ತು?

"ನಂಗೆ ಮೊದ್ಲೇ ಹೇಳ್ಬಾರ್ದಾಗಿತ್ತಾ?" ಅಂದೆ.

ಆಕೆ ಹೆಡ್‌ಸೆಟ್ ಕೆಳಗಿಟ್ಟು ನನ್ನನ್ನು ನೋಡಿದರು. "ಹೇಳಿದ್ನಲ್ಲ ಸಾರ್. ನೀವು ಕೇಳೋಕೆ ಶುರು ಮಾಡಿದ ಮೊದಲ್ನೇ ವಾರಾನೇ. ಗಂಧ ಹಚ್ಚಿದ್ದು, ಹೊಸದು ಹಾಕಿದ್ದು, ಎಲ್ಲಾ ಹೇಳ್ದೆ. ನೀವು ಹ್ಞೂ, ಮುಂದೆ ಅಂದ್ರಿ."

ಲಲಿತಮ್ಮನ ಮೇಜಿನ ಮೇಲೆ ದಾರದುಂಡೆಗೆ ಚುಚ್ಚಿದ್ದ ಪಿನ್ನು ತೆಗೆದುಕೊಂಡು ಹೋಗಿ, ಸ್ವಿಚ್ಚು ಸರಿಸಿ, ಕಾರ್ಡನ್ನು ಎಕ್ಸ್‌ಚೇಂಜಿನೊಳಗೆ ತಳ್ಳಿ ಸಪ್ಲೈ ಹಾಕಿದೆ. ರಾಜಾಜಿನಗರಕ್ಕೆ ಒಂದು ಫ್ಯಾಕ್ಸ್ ಹೋಯಿತು, ಇನ್ನೊಂದು ಬಂತು, ಒಂದು ಗೀಟಿಲ್ಲ. ಲೈನಿನಲ್ಲಿ ಕಿವಿಯಿಟ್ಟು ಕೂತೆ. ಟಿಕ್ ಇಲ್ಲ. ಲಲಿತಮ್ಮ ಎರಡು ಲೋಟಕ್ಕೆ ಫ್ಲಾಸ್ಕಿನಿಂದ ಟೀ ಬಗ್ಗಿಸಿ, "ಹಂಗಾದ್ರೆ ಬೋರ್ಡು ತೆಗ್ಯಲ್ಲ?" ಅಂದರು. ತೆಗೆಯುವುದಿಲ್ಲ ಅಂದೆ.

ಆದರೆ ಬಸ್ಸಿನಲ್ಲಿ ವಾಪಸ್ ಬರುತ್ತ ನನಗೆ ಬೇರೆ ಲೆಕ್ಕ ಶುರುವಾಯಿತು. ಬೋರ್ಡು ಉಳಿಯಿತು, ಸರಿ. ಬೋರ್ಡಿನ ಮುಂದೆ ಯಾರು ಕೂರಬೇಕು ಎನ್ನುವುದು ಶೇಷಾದ್ರಿ ಸಾರ್ ಕೈಯಲ್ಲಿತ್ತು. ಒಂದು ತಿಂಗಳು ಇಡೀ ಕಂಪನಿ ಕಾಗದ ಹಿಡಿದು ಬಸ್ಸಿನಲ್ಲಿ ಓಡಾಡಿದ್ದು ಈಕೆ ಹಬ್ಬದ ದಿನ ಕಾರ್ಡು ಬದಲಿಸಿದ್ದರಿಂದ ಅಂತ ಗೊತ್ತಾದರೆ ಕಾಯಂ ಮಾಡುವ ಮಾತೆಲ್ಲಿ. ಬಸ್ಸು ಮಾರ್ಕೆಟ್ಟಿಗೆ ಬರುವ ಹೊತ್ತಿಗೆ ವ್ಯಾಪಾರದ ದಾರಿ ನನ್ನ ತಲೆಯಲ್ಲಿ ಸಿದ್ಧವಾಗಿತ್ತು.

"ಅಂತೂ ಬಂತು," ಅಂದರು ಶೇಷಾದ್ರಿ ಸಾರ್, ಫ್ಯಾಕ್ಸ್ ಹಾಳೆಯನ್ನು ಬೆಳಕಿಗೆ ಹಿಡಿದು. "ಏನಾಗಿತ್ತು?"

"ಕಾರ್ಡು ಸಾರ್."

"ಕಾರ್ಡಿಗೇನಾಗಿತ್ತು? ಯಾರಾದ್ರೂ ಕೈ ಹಾಕಿದ್ರಾ? ಆ ರೂಮಿನ ಬೀಗದಕೈ ಆಪರೇಟರ್ ಹತ್ರ ಅಲ್ವಾ ಇರೋದು?"

"ಸಾರ್, ಬಿಲ್ಲಿನ ವಿಷಯ ಮಾತಾಡೋಣ್ವಾ?"

"ಮಾತು ಹಾರಿಸ್ತಾ ಇದೀರ."

"ಇಲ್ಲ ಸಾರ್, ಅದೇ ಮಾತು. ಹಬ್ಬದಿಂದ ಈಚೆಗಿನ ಓಡಾಟಕ್ಕೆ ನಾನು ಬಿಲ್ ಹಾಕಲ್ಲ. ಯಾರು, ಏನು ಅಂತ ತಾವು ಕೇಳ್ಬೇಡಿ. ಕಾರ್ಡೇ ಕೆಟ್ಟಿತ್ತು ಅಂತ ಮುಗಿಸೋಣ."

ಅವರು ಪೇಪರ್‌ವೇಟ್ ತಿರುಗಿಸಿದರು. "ಮುಂದಿನ ಸರ್ವೀಸು?"

"ಒಂದು ತಿಂಗಳು ಬಿಡ್ತೀನಿ."

"ಎರಡು."

"ಆಯ್ತು ಸಾರ್."

ನನ್ನ ಜೀವಮಾನದ ಒಳ್ಳೆಯ ವ್ಯಾಪಾರಗಳಲ್ಲಿ ಇದೊಂದು ಅಂದುಕೊಂಡು ಮಾರನೆಯ ದಿನ ಕೆಂಗೇರಿಗೆ ಹೋದೆ. ಕೆಲಸವೇನೂ ಇರಲಿಲ್ಲ, ಹೇಳುವುದಕ್ಕೇ ಹೋದೆ. ಆಕೆಯ ಮುಖ ಅರಳುವುದನ್ನು ನೋಡುವ ಆಸೆ ಇತ್ತು. ಆ ವರ್ಷ ನನ್ನನ್ನು ನೋಡಿ ಅರಳಿದ ಮುಖ ಬೇರೆ ಯಾವುದಿತ್ತು?

ಲಲಿತಮ್ಮ ಪೂರ್ತಿ ಕೇಳಿದರು. ಮಧ್ಯೆ ಒಂದು ಕಾಲ್ ಬಂತು, ಅದನ್ನು ಜೋಡಿಸಿ ಮತ್ತೆ ನನ್ನ ಕಡೆ ತಿರುಗಿದರು.

"ನಾನೇನು ಕದ್ದಿದ್ನಾ ಸಾರ್?"

"ಛೆ, ಹಾಗಲ್ಲ. ನಿಮ್ ಕೆಲಸ ಉಳೀಲಿ ಅಂತ."

"ಹೊಸದು ಹಾಕಿದ್ದು ನಾನು ಬಚ್ಚಿಟ್ಟಿಲ್ಲ. ಗೇಟಿನೋರಿಗೆ ಗೊತ್ತು, ಸ್ಟೋರ್ಸಲ್ಲಿ ಗೊತ್ತು. ಕೇಳಿದ್ರೆ ಸಾಹೇಬ್ರಿಗೂ ಹೇಳ್ತಿದ್ದೆ. ತಿಳೀದೆ ಮಾಡ್ದೆ ಅಂತಿದ್ದೆ. ಬೈತಿದ್ರು, ಬೈಸ್ಕೊತಿದ್ದೆ. ಈಗ ನೀವು ಕಾರ್ಡು ಕೆಟ್ಟಿತ್ತು ಅಂದ್ಬಿಟ್ರಿ. ನಾಳೆ ಗೇಟಿನೋರು 'ಲಲಿತಮ್ಮ ಅವತ್ತು ಏನೋ ಬದಲಾಯ್ಸಿದ್ರಲ್ಲ' ಅಂದ್ರೆ? ನಾನು ಹೌದು ಅಂದ್ರೆ ನೀವು ಸುಳ್ಳುಗಾರ. ಇಲ್ಲ ಅಂದ್ರೆ ನಾನು ಕಳ್ಳಿ."

ಇಷ್ಟು ಸರಳವಾದ ತೂತು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

"ಹೋಗ್ಲಿ, ಎಷ್ಟು ಬಿಟ್ರಿ?"

ಹೇಳಿದೆ.

"ಅಷ್ಟು ಬಿಡೋ ಮುಂಚೆ ನನ್ನ ಒಂದು ಮಾತು ಕೇಳೋದಕ್ಕೆ ನಿಮಗೇನಾಗಿತ್ತು? ದಿನಾ ಲೈನಲ್ಲೇ ಇದ್ನಲ್ಲ."

ಅವತ್ತು ಟೀ ಕೊಡಲಿಲ್ಲ. ಮರುದಿನ ರಜೆ ಹಾಕಿ, ಒಳ್ಳೆಯ ಸೀರೆ ಉಟ್ಟು, ರಾಜಾಜಿನಗರಕ್ಕೆ ಬಸ್ಸಿನಲ್ಲಿ ಬಂದು, ಶೇಷಾದ್ರಿ ಸಾರ್ ಮುಂದೆ ನಿಂತು ಎಲ್ಲವನ್ನೂ ಹೇಳಿದರಂತೆ. ಆಮೇಲೆ ಅವರು ನನ್ನನ್ನು ಕರೆಸಿದರು.

"ಆಕೆ ಬಂದಿದ್ರು ಪುಟ್ಟರಾಜು. ನಾನು ಮಾಡಿದ್ದು, ತಿಳೀದೆ ಮಾಡ್ದೆ, ಪುಟ್ಟರಾಜುಗೆ ಬಿಲ್ ಕೊಡಿ ಅಂದ್ರು."

ಹೇಳುತ್ತ ಅವರು ಪೇಪರ್‌ವೇಟನ್ನು ಪಕ್ಕಕ್ಕಿಟ್ಟರು.

"ಇಷ್ಟು ನೆಟ್ಟಗೆ ಬಂದು ಹೇಳೋರನ್ನ ಹೇಗ್ರೀ ಕಳ್ಸೋದು. ಕಾಯಂ ಮಾಡ್ತೀನಿ. ಆದ್ರೆ ಬೋರ್ಡಲ್ಲಿ ಬೇಡ, ಪ್ಯಾಕಿಂಗಿಗೆ ಹಾಕ್ತೀನಿ. ನಿಮ್ಮ ಬಿಲ್ಲಿನ ಮಾತು ಮಾತ್ರ ಆಗಿದ್ದು ಆಯ್ತು, ಅದು ಹಾಗೇ ಇರ್ಲಿ."

ಅವರೂ ವ್ಯಾಪಾರ ಬಲ್ಲವರೇ.

ಕಾರ್ತಿಕದ ಕೊನೆಗೆ ಮಳೆ ನಿಂತಿತು. ಎರಡನೇ ಶನಿವಾರ ಸುಮಿತ್ರಾ ಬರಲಿಲ್ಲ, ಶಾಲೆಯಲ್ಲಿ ಏನೋ ಕಾರ್ಯಕ್ರಮವಂತೆ. ಸ್ಕೂಟರಿಲ್ಲ, ಬಸ್ಸಿನಲ್ಲಿ ನಾನೇ ಹೋದೆ. ಅವಳು ಮಕ್ಕಳಿಗೆ ಕೋಲಾಟ ಕಲಿಸುತ್ತಿದ್ದಳು. ಜಗಲಿಯ ಮೇಲೆ ಕೂತಿರಿ, ಬಂದೆ ಅಂದಳು. ಕತ್ತಲಾಗುವವರೆಗೂ ಬರಲಿಲ್ಲ. ಸಿಟ್ಟಿನಿಂದಲ್ಲ, ಅಷ್ಟು ಹೊತ್ತಿಗೆ ಅವಳಿಗೆ ಅಲ್ಲಿ ಅವಳದೇ ದಿನಗಳಿದ್ದವು. ಊಟಕ್ಕೆ ಕೂತಾಗ ನಾನು ಏನಾದರೂ ಹೇಳು ಅಂದೆ. "ಏನು ಹೇಳ್ಲಿ?" ಅಂದಳು. ಅನ್ನದ ಪಾತ್ರೆ ನನ್ನ ಕಡೆ ಸರಿಸಿದಳು. ನಮ್ಮಿಬ್ಬರ ಮಾತು ಮತ್ತೆ ಸರಾಗವಾಗಲು ಅವಳಿಗೆ ವರ್ಗವಾಗಿ ಒಂದೇ ಮನೆಯಲ್ಲಿ ಇರುವಂತಾದ ಮೇಲೂ ಬಹಳ ಕಾಲ ಹಿಡಿಯಿತು.

ಬಿಟ್ಟಿ ಸರ್ವೀಸಿನ ಆ ಎರಡು ತಿಂಗಳು ನಾನು ವಾರಕ್ಕೊಮ್ಮೆ ರಾಜಾಜಿನಗರದ ಸ್ಟೂಲಿನ ಮೇಲೆ ಕೂತು ಕೆಂಗೇರಿಗೆ ಫೋನ್ ಮಾಡುತ್ತಿದ್ದೆ. ಟೈಪಿಂಗ್ ಪಾಸಾದ ಹೊಸ ಹುಡುಗಿಯೊಬ್ಬಳು ಎತ್ತುತ್ತಿದ್ದಳು. "ಲೈನ್ ಹೇಗಿದೆಯಮ್ಮ?" ಎಂದರೆ "ಕ್ಲಿಯರ್ ಇದೆ ಸಾರ್" ಅನ್ನುತ್ತಿದ್ದಳು. ನಿಜವಾಗಿಯೂ ಕ್ಲಿಯರ್ ಇತ್ತು. ಒಂದು ಟಿಕ್ ಇಲ್ಲ. ಇನ್ನೇನು ಕೇಳುವುದು ಎಂದು ತಿಳಿಯದೆ ರಿಸೀವರ್ ಇಟ್ಟುಬಿಡುತ್ತಿದ್ದೆ. ಪ್ಯಾಕಿಂಗ್ ವಿಭಾಗದಲ್ಲಿ ಫೋನಿರಲಿಲ್ಲ. ಕೆಂಗೇರಿಗೆ ಹೋದಾಗ ಒಮ್ಮೆ ಲಲಿತಮ್ಮ ದೂರದಿಂದ ಕಂಡರು, ತಲೆಗೆ ಬಟ್ಟೆ ಕಟ್ಟಿಕೊಂಡು ಪಂಪಿನ ಡಬ್ಬಗಳಿಗೆ ಹುಲ್ಲು ತುರುಕುತ್ತ, ಪಕ್ಕದವಳ ಜೊತೆ ಮಾತಾಡುತ್ತಿದ್ದರು. ಪಕ್ಕದವಳು ಕೆಲಸ ನಿಲ್ಲಿಸಿ ಕೇಳುತ್ತಿದ್ದಳು. ನಾನು ಹತ್ತಿರ ಹೋಗಲಿಲ್ಲ.

ಈ ಕಸುಬಿಗೆ ಬರುವವರಿಗೆ ನನ್ನದೊಂದಿಷ್ಟು ಮಾತು. ಇವತ್ತಿನ ಪೆಟ್ಟಿಗೆಗಳು ಬೇರೆ, ಆದರೂ ಎರಡು ಯಂತ್ರ ಕೂಡಿಸುವಲ್ಲಿ ತಾಳ ಯಾರದ್ದು ಎಂದು ಮೊದಲ ದಿನವೇ ತೀರ್ಮಾನಿಸಿ, ಎರಡೂ ತುದಿಯವರಿಗೂ ಹೇಳಿ. ಮಳೆಯ ಜೊತೆ ಏರಿಳಿಯುವ ತೊಂದರೆಯನ್ನು ತಂತಿಯಲ್ಲಿ ಹುಡುಕಿ. ಮಳೆಗೂ ಬಿಸಿಲಿಗೂ ಜಗ್ಗದೆ ಸಮವಾಗಿ ಬರುವುದನ್ನು ಗಡಿಯಾರದಲ್ಲಿ ಹುಡುಕಿ. ನೀವೇ ಕೈಯಾರೆ ಮಾಡಿದ್ದು, ಅನುಮಾನವೇ ಇಲ್ಲ ಅನ್ನುವುದನ್ನು ಎಲ್ಲಕ್ಕಿಂತ ಮೊದಲು ಬಿಚ್ಚಿ ನೋಡಿ, ಅದಕ್ಕೆ ಖರ್ಚಿಲ್ಲ. ಸ್ಪೇರ್ ಕಾರ್ಡನ್ನು ಡಬ್ಬಕ್ಕೆ ಹಾಕುವ ಮುಂಚೆಯೇ ಕೆಲಸದ ಕಾರ್ಡಿನಂತೆ ಸೆಟ್ ಮಾಡಿಡಿ. ಒಳ್ಳೆಯ ದಿನ ನೋಡಿ ಯಾರಾದರೂ ಅದನ್ನು ಹಾಕಿಯೇ ಹಾಕುತ್ತಾರೆ, ಹಾಕಬೇಡಿ ಅನ್ನುವುದಕ್ಕೆ ನೀವು ಅಲ್ಲಿರುವುದಿಲ್ಲ. ಲೈನ್ ಪರೀಕ್ಷೆಗೆ ಕೂಗುವ ಪೆಟ್ಟಿಗೆ ಬಳಸಿ. ಮನುಷ್ಯರನ್ನು ಮಾತಾಡಿಸಿದಿರೋ, ಏನು ಹೇಳುತ್ತಿದ್ದಾರೆಂದು ಕೇಳಿಸಿಕೊಳ್ಳಿ. ಇನ್ನು ಯಾರದಾದರೂ ಪರವಾಗಿ ಚೌಕಾಸಿಗೆ ಕೂರುವ ಸಂದರ್ಭ ಬಂದರೆ, ಮೊದಲು ಅವರ ಮನೆ ಬಾಗಿಲಿಗೆ ಹೋಗಿ, ಅವರು ಯಾವುದನ್ನು ಬಿಡಲು ಒಪ್ಪುವುದಿಲ್ಲ ಅಂತ ಕೇಳಿಕೊಂಡು ಬನ್ನಿ. ಬೆಲೆ ಮಾತಾಡುವುದು ಅದಾದ ಮೇಲೆ.